ಎರಡಾಣೆಯ ಬ್ಯಾಂಕು, ಬೋಳುಗುಡ್ಡದ ಕಾಲೇಜು: ಡಾ. ಟಿ.ಎಂ.ಎ. ಪೈ ಅವರ ವ್ಯವಹಾರ ಧರ್ಮ

ಹೆಬ್ರಿ: ಆಗುಂಬೆ ಘಾಟಿಯನ್ನು ಇಳಿದು ಸೋಮೇಶ್ವರ, ಹೆಬ್ರಿಗಳನ್ನು ಹಾದು ಪಶ್ಚಿಮಕ್ಕೆ ಸಾಗುವ ಹೆದ್ದಾರಿ ಉಡುಪಿ ಸೇರುವ ಮುನ್ನ ಒಂದು ಗುಡ್ಡವನ್ನು ಹತ್ತಿ ಇಳಿಯುತ್ತದೆ. ಘಟ್ಟದ ಬುಡದ ಹಳ್ಳಿಗಳಲ್ಲಿ ಯಾರಿಗಾದರೂ ಕಾಯಿಲೆ ಕೈಮೀರಿತೆಂದರೆ ಮೊದಲು ನೆನಪಾಗುವುದು ಆ ಗುಡ್ಡದ ಮೇಲಿನ ಆಸ್ಪತ್ರೆಯೇ. ಮಣಿಪಾಲಕ್ಕೆ ಸಾಗಿಸಿದ್ದಾರೆ ಎಂದರೆ ಸಾಕು, ರೋಗಿಯ ಸ್ಥಿತಿ ಗಂಭೀರವೆಂದು ಊರಿಗೆ ತಿಳಿಯುತ್ತದೆ. ಎಪ್ಪತ್ತೈದು ವರ್ಷಗಳ ಹಿಂದೆ ಅದು ಮುಳಿಹುಲ್ಲು ಬೆಳೆಯುತ್ತಿದ್ದ ಬೋಳುಗುಡ್ಡ. ಮಣ್ಣು ಮತ್ತು ಪಳ್ಳ, ಅಂದರೆ ಕೆರೆ, ಎಂಬೆರಡು ಪದಗಳು ಕೂಡಿ ಮಣಿಪಾಲವೆಂಬ ಹೆಸರು ಬಂತೆನ್ನುತ್ತಾರೆ. ಮಣ್ಣಪಳ್ಳದ ಕೆರೆ ಈಗಲೂ ಅಲ್ಲಿದೆ.

ಈ ಗುಡ್ಡದ ರೂಪಾಂತರದ ಹಿಂದಿನ ವ್ಯಕ್ತಿ ಡಾ. ತೋನ್ಸೆ ಮಾಧವ ಅನಂತ ಪೈ. ಅವರನ್ನು ಶಿಕ್ಷಣ ತಜ್ಞರೆಂದು, ದಾನಿಯೆಂದು ಸ್ಮರಿಸುವ ವಾಡಿಕೆ ಹೆಚ್ಚು. ಆದರೆ ಅವರು ದಾನಿಗಿಂತ ಮುಖ್ಯವಾಗಿ ವ್ಯವಹಾರಸ್ಥರಾಗಿದ್ದರು. ಗಳಿಸಿದ ಲಾಭದಲ್ಲಿ ಒಂದು ಪಾಲನ್ನು ಪುಣ್ಯಕಾರ್ಯಕ್ಕೆ ಎತ್ತಿಡುವುದು ಹಳೆಯ ವರ್ತಕರ ಪದ್ಧತಿ. ಪೈಗಳ ದಾರಿ ಬೇರೆ. ಊರಿಗೆ ಬೇಕಾದ ಕೆಲಸವನ್ನೇ ವ್ಯವಹಾರವನ್ನಾಗಿ ಮಾಡಿ, ಅದು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಲೆಕ್ಕ ಹಾಕುವುದು ಅವರ ಕ್ರಮವಾಗಿತ್ತು. ಅವರ ಯಶಸ್ಸು ಹುಟ್ಟಿದ್ದು ಈ ಲೆಕ್ಕದಿಂದ. ಅವರ ತರುವಾಯ ನ್ಯಾಯಾಲಯಗಳ ಮೆಟ್ಟಿಲೇರಿದ ವಿವಾದಗಳ ಮೂಲವೂ ಇದೇ ಲೆಕ್ಕ.

ಪೈಗಳು ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯಕೀಯ ಪದವಿ ಪಡೆದು ಊರಿಗೆ ಮರಳಿ ಉಡುಪಿಯಲ್ಲಿ ವೃತ್ತಿ ಆರಂಭಿಸಿದರು. ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರದಲ್ಲಿ ಪಳಗಿದವರು. ಅಂದಿನ ದಕ್ಷಿಣ ಕನ್ನಡ ಮದರಾಸು ಪ್ರಾಂತದ ಒಂದು ಮೂಲೆ. ಘಟ್ಟ ಮತ್ತು ಕಡಲಿನ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ಬೇಸಾಯ, ಮೀನುಗಾರಿಕೆ, ಹೆಂಚು, ಕೈಮಗ್ಗಗಳೇ ಜೀವನಾಧಾರ. ಗಿರಣಿ ಬಟ್ಟೆಯ ಪೈಪೋಟಿಯಲ್ಲಿ ಕೈಮಗ್ಗ ಸೊರಗುತ್ತಿತ್ತು. ನೂಲಿಗೆ ಸಾಲ ಸಿಕ್ಕದೆ ನೇಕಾರರು ಮಗ್ಗ ನಿಲ್ಲಿಸುವ ಸ್ಥಿತಿಗೆ ಬಂದಿದ್ದರು.

1925ರಲ್ಲಿ ಪೈ ಸಹೋದರರು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಅವರೊಡನೆ ಸೇರಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಉಡುಪಿಯಲ್ಲಿ ಕಟ್ಟಿದರು. ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. ವರ್ತಕ, ಎಂಜಿನಿಯರ್, ವೈದ್ಯ, ಹೀಗೆ ಮೂರು ವೃತ್ತಿಯವರು ಕೂಡಿದ ಈ ಸಂಸ್ಥೆಯ ಮೊದಲ ಉದ್ದೇಶ ನೇಕಾರರಿಗೆ ಹಣಕಾಸಿನ ನೆರವು ಒದಗಿಸುವುದು. ಹೆಸರಿನಲ್ಲಿ ಬ್ಯಾಂಕಿಂಗ್‌ಗಿಂತ ಮೊದಲು ಇಂಡಸ್ಟ್ರಿಯಲ್ ಎಂಬ ಪದವಿರುವುದು ಆಕಸ್ಮಿಕವಲ್ಲ.

ಉಡುಪಿಗೆ ಬ್ಯಾಂಕು ಹೊಸದೇನಾಗಿರಲಿಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲೇ ಇಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಸ್ಥಾಪಿಸಿದ್ದರು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಇಂದಿನ ಕೆನರಾ ಬ್ಯಾಂಕಿಗೆ ಬೀಜ ಬಿತ್ತಿದ್ದರು. ಹೀಗಿರುವಾಗ ಮತ್ತೊಂದು ಬ್ಯಾಂಕು ಉಳಿಯಬೇಕಾದರೆ ಇತರರು ತಲುಪದ ಜನರನ್ನು ಅದು ತಲುಪಬೇಕಿತ್ತು.

ಮನೆ ಬಾಗಿಲಿಗೆ ಬಂದ ಬ್ಯಾಂಕು

ಈ ಸಮಸ್ಯೆಗೆ ದೊರೆತ ಉತ್ತರವೇ 1928ರ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿ ಮನೆ, ಅಂಗಡಿಗಳ ಬಾಗಿಲಿಗೇ ಬಂದು ಪಡೆದು ಬರೆದುಕೊಂಡು ಹೋಗುವ ಏರ್ಪಾಡು ಇದು. ಆಫ್ರಿಕದ ಗಿಡ್ಡ ದೇಹದ ಬುಡಕಟ್ಟಿನ ಹೆಸರನ್ನು ಸಣ್ಣ ಉಳಿತಾಯಕ್ಕೆ ಇಟ್ಟರು. ಇಂದಿನ ಸೂಕ್ಷ್ಮತೆಯಲ್ಲಿ ಆ ಹೆಸರು ಸರಿಯೆನಿಸಲಿಕ್ಕಿಲ್ಲ; ಆದರೆ ಕರಾವಳಿಯ ಮಾತಿನಲ್ಲಿ ಅದು ಮೂಲ ಅರ್ಥ ಕಳೆದುಕೊಂಡು ನಿತ್ಯದ ಉಳಿತಾಯಕ್ಕೇ ಪರ್ಯಾಯ ಪದವಾಗಿಬಿಟ್ಟಿದೆ.

ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ದಿನವೂ ತಪ್ಪದೆ ಕಟ್ಟಿದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ದಿನಗೂಲಿಯವನ ಕೈಯಲ್ಲಿ ಒಮ್ಮೆಲೇ ಇಷ್ಟು ಹಣ ನಿಲ್ಲುವುದು ಅಸಾಧ್ಯವಾಗಿದ್ದ ಕಾಲವದು. ತಿಂಗಳ ಸಂಬಳವಿಲ್ಲದ ಜನರಿಗೆ ಆದಾಯ ದಿನವಹಿ ಬರುತ್ತದೆ, ದಿನವಹಿಯೇ ಖರ್ಚಾಗುತ್ತದೆ. ಆದ್ದರಿಂದ ಉಳಿತಾಯವೂ ದಿನವಹಿಯೇ ಆಗಬೇಕು, ಅದನ್ನು ಕೇಳಲು ಒಬ್ಬರು ಬಾಗಿಲಿಗೆ ಬರಬೇಕು. ರೋಗಿಗಳ ಕಿಸೆಯ ಅಂದಾಜಿದ್ದ ವೈದ್ಯರಿಗೆ ಈ ಸತ್ಯ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಈ ವ್ಯವಹಾರದ ನೈತಿಕ ಭಾರವನ್ನು ಅರಿಯಲು ಅಂದಿನ ಕಾನೂನಿನ ಪರಿಸ್ಥಿತಿಯನ್ನು ನೆನೆಯಬೇಕು. 1928ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಇರಲಿಲ್ಲ. ಅದು ಬಂದದ್ದು 1935ರಲ್ಲಿ. ಠೇವಣಿ ವಿಮೆ ಜಾರಿಗೆ ಬಂದದ್ದು 1962ರಲ್ಲಿ, ಅದೂ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ. 1938ರಲ್ಲಿ ಟ್ರಾವಂಕೂರ್ ನ್ಯಾಶನಲ್ ಆ್ಯಂಡ್ ಕ್ವಿಲಾನ್ ಬ್ಯಾಂಕ್ ಕುಸಿದಾಗ ದಕ್ಷಿಣ ಭಾರತದ ಸಾವಿರಾರು ಕುಟುಂಬಗಳ ಗಳಿಕೆ ಕರಗಿಹೋಗಿತ್ತು. ಅಂದರೆ ಎರಡಾಣೆ ಕೊಟ್ಟ ನೇಕಾರನಿಗೂ ಮೀನು ಮಾರುವ ಹೆಂಗಸಿಗೂ ಇದ್ದ ಭದ್ರತೆ ಎಂದರೆ ಬ್ಯಾಂಕು ನಡೆಸುವವರ ಪ್ರಾಮಾಣಿಕತೆ ಮಾತ್ರ. ಬ್ಯಾಂಕು ಬಿದ್ದರೆ ಶ್ರೀಮಂತ ಠೇವಣಿದಾರ ಬಡವನಾಗುತ್ತಿದ್ದ. ಪಿಗ್ಮಿ ಕಟ್ಟಿದವನು ಉಪವಾಸ ಬೀಳುತ್ತಿದ್ದ. ಸಿಂಡಿಕೇಟ್ ಬೀಳಲಿಲ್ಲ. ಉಡುಪಿಯಿಂದ ಬ್ರಹ್ಮಾವರಕ್ಕೆ, ಅಲ್ಲಿಂದ ಮುಂದಕ್ಕೆ ಹಬ್ಬಿತು. 1946ರಲ್ಲಿ ಒಂದೇ ದಿನ ಗ್ರಾಮೀಣ ಪ್ರದೇಶದಲ್ಲಿ 29 ಶಾಖೆಗಳನ್ನು ತೆರೆಯಿತು. ಪೇಟೆಯ ದೊಡ್ಡ ಬ್ಯಾಂಕುಗಳು ಹಳ್ಳಿಯನ್ನು ನಷ್ಟದ ಬಾಬ್ತೆಂದು ಕಾಣುತ್ತಿದ್ದ ದಿನಗಳವು.

ಸಣ್ಣ ಠೇವಣಿ ಬ್ಯಾಂಕಿಗೆ ಧರ್ಮಕಾರ್ಯವಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅದು ಬಂಡವಾಳದ ಮೂಲ. ಹನಿಹನಿಯಾಗಿ ಬಂದ ಹಣವೇ ಸಾಲವಾಗಿ ಹರಿದು ಬಡ್ಡಿ ತಂದಿತು. ಠೇವಣಿದಾರನಿಗೂ ಲಾಭ, ಬ್ಯಾಂಕಿಗೂ ಲಾಭ. ಈ ಸರಪಳಿಯಲ್ಲಿ ಬಿಸಿಲು ಮಳೆಯೆನ್ನದೆ ಮನೆಮನೆ ತಿರುಗಿ ಹಣ ಸಂಗ್ರಹಿಸುತ್ತಿದ್ದ ಪ್ರತಿನಿಧಿಯ ಸ್ಥಾನ ಮಾತ್ರ ಅಸ್ಪಷ್ಟವಾಗಿಯೇ ಉಳಿಯಿತು. ಆತ ಬ್ಯಾಂಕಿನ ಮುಖ, ಆದರೆ ಬ್ಯಾಂಕಿನ ನೌಕರನಲ್ಲ. ಸಂಬಳವಿಲ್ಲ, ಕಮಿಷನ್ ಮಾತ್ರ. ಸಂಗ್ರಹ ಕುಸಿದ ತಿಂಗಳು ಆತನ ಮನೆಯ ಅಡುಗೆಯೂ ಕುಸಿಯುತ್ತಿತ್ತು. ಈ ಪ್ರಶ್ನೆ ಪೈಗಳ ಕಾಲದಲ್ಲಿ ಬಗೆಹರಿಯಲಿಲ್ಲ. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಠೇವಣಿ ಸಂಗ್ರಾಹಕರ ಪರ ತೀರ್ಪಿತ್ತಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದೇ ಪರಿಗಣಿಸಿ, ಕಮಿಷನ್ನೂ ವೇತನದ ಒಂದು ರೂಪವೆಂದು ಹೇಳಿತು. ಖಾಯಂ ನೌಕರರ ಸಾಲಿಗೆ ಸೇರದಿದ್ದರೂ ಕನಿಷ್ಠ ವೇತನದ ಆಸರೆ ಮತ್ತು ಗ್ರಾಚ್ಯುಯಿಟಿಯ ಹಕ್ಕು ಅವರಿಗೆ ದೊರೆಯಿತು. ಯೋಜನೆ ಆರಂಭವಾಗಿ ಆಗ 73 ವರ್ಷಗಳಾಗಿದ್ದವು.

ಗುಡ್ಡದ ಮೇಲಿನ ಕಾಲೇಜು

ಪೈಗಳು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿ ಮಣಿಪಾಲದಲ್ಲಿ ವೃತ್ತಿ ಶಿಕ್ಷಣಕ್ಕೆ ಚಾಲನೆ ಕೊಟ್ಟರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ತೆರೆಯಿತು. ಕಾರ್ಕಳಕ್ಕೆ 1960ರಲ್ಲಿ ಭುವನೇಂದ್ರ ಕಾಲೇಜು ಬಂದದ್ದೂ ಇದೇ ಅಕಾಡೆಮಿಯ ಮೂಲಕ. ಘಟ್ಟದ ಕೆಳಗಿನ ಹಳ್ಳಿಗಳ ಮಕ್ಕಳು ಪದವಿ ಓದಲು ದೂರದ ಊರಿಗೆ ಹೋಗಬೇಕಾದ ಅನಿವಾರ್ಯ ತಪ್ಪಿತು. ಇವುಗಳ ಬಗ್ಗೆ ತಕರಾರು ಕಡಿಮೆ. ವಾದವಿರುವುದು 1953ರಲ್ಲಿ ಆರಂಭವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಬಗ್ಗೆ.

ಸ್ವಾತಂತ್ರ್ಯದ ಬೆನ್ನಲ್ಲೇ ದೇಶದಲ್ಲಿ ವೈದ್ಯರ ಕೊರತೆ ತೀವ್ರವಾಗಿತ್ತು. ಮೆಡಿಕಲ್ ಕಾಲೇಜು ಎಂದರೆ ಸರಕಾರವೇ ನಡೆಸಬೇಕಾದ, ಕೋಟಿಗಟ್ಟಲೆ ಬೇಡುವ ಕೆಲಸವೆಂಬುದು ಸಾರ್ವತ್ರಿಕ ಭಾವನೆ. ಮಣಿಪಾಲದಂಥ ಗುಡ್ಡಕ್ಕೆ ಸರಕಾರ ಅದನ್ನು ಕೊಡುವ ಸಂಭವವೇ ಇರಲಿಲ್ಲ. ಪೈಗಳು ಪಿಗ್ಮಿಯ ತರ್ಕವನ್ನೇ ಬೇರೊಂದು ಬಗೆಯಲ್ಲಿ ಇಲ್ಲಿಗೂ ಅನ್ವಯಿಸಿದರು. ಓದಲು ಬಯಸುವ ಮಕ್ಕಳ ಕುಟುಂಬಗಳೇ ಕಾಲೇಜಿನ ಬಂಡವಾಳಕ್ಕೆ ವಂತಿಗೆ ಕೊಡಲಿ, ಆ ಹಣದಿಂದ ಕಟ್ಟಡ, ಪ್ರಯೋಗಶಾಲೆ, ಆಸ್ಪತ್ರೆ ಏಳಲಿ ಎಂಬುದು ಅವರ ಯೋಚನೆ. ಖಾಸಗಿ ವಲಯದಲ್ಲಿ, ವಿದ್ಯಾರ್ಥಿಗಳ ಹಣದಿಂದಲೇ ನಡೆಯುವ ವೈದ್ಯಕೀಯ ಕಾಲೇಜಿಗೆ ದೇಶದಲ್ಲಿ ಇದೇ ಮೊದಲ ಮಾದರಿಯೆನಿಸಿತು. ಆಸ್ಪತ್ರೆ ಸಿದ್ಧವಾಗುವವರೆಗೆ ವಿದ್ಯಾರ್ಥಿಗಳಿಗೆ ರೋಗಿಗಳ ಒಡನಾಟ ಎಲ್ಲಿಂದ ಎಂಬ ಪ್ರಶ್ನೆಗೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಉತ್ತರ ಸಿಕ್ಕಿತು. ಸರಕಾರದ ಹಾಸಿಗೆಗಳು, ಖಾಸಗಿ ಕಾಲೇಜಿನ ವೈದ್ಯರು: ಈ ಒಪ್ಪಂದದಿಂದ ಕಾಲೇಜಿಗೆ ಅನುಕೂಲವಾಯಿತು, ಬಡ ರೋಗಿಗೆ ತಜ್ಞರೂ ದೊರೆತರು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಕಾರ್ಯಾರಂಭ ಮಾಡಿದ್ದು 1961ರಲ್ಲಿ. ನಡುವೆ 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಬಳಿಕ ಔಷಧ ವಿಜ್ಞಾನ, ದಂತ ವೈದ್ಯಕೀಯ ಕಾಲೇಜುಗಳು ಬಂದವು.

ಇಲ್ಲಿ ಪಿಗ್ಮಿಗೂ ವಂತಿಗೆಗೂ ಒಂದು ಮೂಲಭೂತ ವ್ಯತ್ಯಾಸವಿದೆ, ಅದನ್ನು ಮರೆಮಾಚುವಂತಿಲ್ಲ. ಎರಡಾಣೆ ಇಲ್ಲದವನು ಊರಿನಲ್ಲಿ ವಿರಳ. ಆದರೆ ವಂತಿಗೆಯ ಹಣ ಇದ್ದವನೇ ವಿರಳ. ಪಿಗ್ಮಿ ಬಾಗಿಲನ್ನು ಎಲ್ಲರಿಗೂ ತೆರೆಯಿತು. ವಂತಿಗೆ ಕೆಲವರಿಗೆ ತೆರೆದು ಹಲವರಿಗೆ ಮುಚ್ಚಿತು. ಅದೇ ಹಣದಿಂದ ಎದ್ದ ಆಸ್ಪತ್ರೆ ಮಾತ್ರ ಹೆಬ್ರಿಯ ಕೂಲಿಯವನಿಗೂ ಕಾಪುವಿನ ಮೀನುಗಾರನಿಗೂ ಒದಗಿತು. ಸೀಟು ಪಡೆದ ಶ್ರೀಮಂತರ ಮಗನೇ ಬಡ ರೋಗಿಯ ಚಿಕಿತ್ಸೆಗೆ ಹಣ ಹೂಡಿದಂತಾಯಿತೆಂದು ಸಮರ್ಥಕರು ವಾದಿಸುತ್ತ ಬಂದಿದ್ದಾರೆ. ಹೆಚ್ಚು ಅಂಕ ಪಡೆದೂ ಹಣವಿಲ್ಲದೆ ಹೊರಗುಳಿದ ಹುಡುಗನ ಲೆಕ್ಕ ಯಾರ ಖಾತೆಗೆ ಎಂಬುದು ಎದುರು ಪಕ್ಷದ ಪ್ರಶ್ನೆ. ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಅಂದು ಬೇರೆ ಹಣದ ಮೂಲವಿರಲಿಲ್ಲ ಎಂಬುದು ಪೈಗಳ ಮಟ್ಟಿಗೆ ಬಲವಾದ ಸಮರ್ಥನೆ. ದಶಕಗಳ ಬಳಿಕ ಅವರ ಮಾದರಿಯನ್ನು ಅನುಕರಿಸಿ ರಾಜ್ಯದಾದ್ಯಂತ ಹುಟ್ಟಿಕೊಂಡು, ಸೀಟನ್ನು ಸರಕಾಗಿಸಿದ ಸಂಸ್ಥೆಗಳಿಗೆ ಆ ಸಮರ್ಥನೆ ಸಲ್ಲುವುದಿಲ್ಲ.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಆ ಪಟ್ಟಿಯಲ್ಲಿ ಸಿಂಡಿಕೇಟ್ ಬ್ಯಾಂಕೂ ಇತ್ತು. 1960ರ ದಶಕದಲ್ಲಿ ಅದರ ಚುಕ್ಕಾಣಿ ಹಿಡಿದಿದ್ದವರು ಉಪೇಂದ್ರ ಪೈಗಳ ಪುತ್ರ, ಮುಂದೆ ಕೇಂದ್ರ ಸಚಿವರಾದ ಟಿ.ಎ. ಪೈ. ಹಳ್ಳಿಗೂ ಬಡವನಿಗೂ ಬ್ಯಾಂಕು ತಲುಪಬೇಕೆಂಬುದು ರಾಷ್ಟ್ರೀಕರಣಕ್ಕೆ ಸರಕಾರ ನೀಡಿದ ಕಾರಣ. ನಾಲ್ಕು ದಶಕಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದ ಬ್ಯಾಂಕೂ ಅದೇ ಕಾರಣಕ್ಕೆ ಸಂಸ್ಥಾಪಕರ ಕೈತಪ್ಪಿತು. ಕಾಲೇಜುಗಳು ಅಕಾಡೆಮಿ ಮತ್ತು ಕುಟುಂಬದ ಬಳಿ ಉಳಿದವು. 1972ರಲ್ಲಿ ಡಾ. ಪೈ ಅವರಿಗೆ ಪದ್ಮಶ್ರೀ ಸಂದಿತು. 1979ರ ಮೇ 29ರಂದು ಅವರು ನಿಧನರಾದರು.

ವಂತಿಗೆಯ ವಿವಾದ ಅಲ್ಲಿಂದ ಮುಂದೆ ಅವರ ಹೆಸರನ್ನು ಬಿಡಲಿಲ್ಲ. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1992ರಲ್ಲಿ ಸುಪ್ರೀಂ ಕೋರ್ಟ್ ಈ ಶುಲ್ಕವನ್ನು ಸಂವಿಧಾನಬಾಹಿರವೆಂದಿತು. ಮರುವರ್ಷದ ತೀರ್ಪಿನಲ್ಲಿ ಉಚಿತ ಸೀಟು, ಪಾವತಿ ಸೀಟುಗಳ ವಿಂಗಡಣೆ ಬಂತು. ಟಿ.ಎಂ.ಎ. ಪೈ ಪ್ರತಿಷ್ಠಾನವು ಕರ್ನಾಟಕ ಸರಕಾರದ ವಿರುದ್ಧ ಹೂಡಿದ ದಾವೆ 11 ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು, 2002ರ ಅಕ್ಟೋಬರ್ 31ರಂದು ಇತ್ಯರ್ಥವಾಯಿತು. ಅನುದಾನರಹಿತ ಸಂಸ್ಥೆಗಳಿಗೆ ಶುಲ್ಕ ಮತ್ತು ಪ್ರವೇಶದಲ್ಲಿ ಸ್ವಾಯತ್ತೆ ಉಂಟು, ಬೆಳವಣಿಗೆಗೆ ಬೇಕಾದ ಮಿತವಾದ ಉಳಿಕೆಗೂ ಅವಕಾಶವುಂಟು, ಆದರೆ ಲಾಭಕೋರತನಕ್ಕೂ ಕ್ಯಾಪಿಟೇಶನ್ ಶುಲ್ಕಕ್ಕೂ ಅವಕಾಶವಿಲ್ಲ ಎಂಬುದು ಆ ತೀರ್ಪಿನ ತಿರುಳು. ಮಿತವಾದ ಉಳಿಕೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಆರಂಭವಾಗುತ್ತದೆ ಎಂಬ ಜಗ್ಗಾಟ ಪ್ರತಿ ವರ್ಷದ ಪ್ರವೇಶ ಋತುವಿನಲ್ಲೂ ಮರುಕಳಿಸುತ್ತದೆ. ದೇಶದ ಕಾನೂನು ವಿದ್ಯಾರ್ಥಿಗಳಲ್ಲಿ ಬಹುತೇಕರಿಗೆ ಟಿ.ಎಂ.ಎ. ಪೈ ಎಂಬುದು ವ್ಯಕ್ತಿಯ ಹೆಸರಲ್ಲ, ಒಂದು ಮೊಕದ್ದಮೆಯ ಹೆಸರು.

ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆ ಈಗ ಕಾಯ್ದೆಯ ಮಾತಾಗಿದೆ. 2013ರ ಕಂಪೆನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ಲಾಭ ಮೊದಲು, ಹೊಣೆ ಆಮೇಲೆ ಎಂಬ ಈ ಕ್ರಮಕ್ಕೂ 1925ರ ಉಡುಪಿಯ ಕ್ರಮಕ್ಕೂ ಅಂತರವಿದೆ. ಅಲ್ಲಿ ನೇಕಾರನ ಮಗ್ಗ ನಡೆಯದೆ ಬ್ಯಾಂಕಿಗೆ ಲಾಭವೇ ಇರಲಿಲ್ಲ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳ ನಾಮಫಲಕಗಳು ಹೀಗೆ ಒಟ್ಟಿಗೇ ಕೆಳಗಿಳಿದವು. ಪಿಗ್ಮಿ ಸಂಗ್ರಾಹಕರು ಮಾತ್ರ ಸಹಕಾರಿ ಸಂಘಗಳ ಹೆಸರಿನಲ್ಲಿ, ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು, ಕರಾವಳಿಯ ಪೇಟೆಗಳಲ್ಲಿ ಅಂಗಡಿಯಿಂದ ಅಂಗಡಿಗೆ ಈಗಲೂ ನಡೆಯುತ್ತಿದ್ದಾರೆ.