ಗಡಿನಾಡಿನ ಬಹುಭಾಷಾ ಕವಿ ಗೋವಿಂದ ಪೈ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಂಜೇಶ್ವರದ ಗೋವಿಂದ ಪೈಗಳ ಜೀವನವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಬೊಮ್ರಾಸಪೇಟ್ ಸುತ್ತಲಿನ ಕನ್ನಡ ಮನೆಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಒಂದು ಅಳುಕು ತಲೆದೋರುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್ ಆದರೆ ಮಗುವಿಗೆ ಯಾವುದೂ ನೆಟ್ಟಗೆ ಬಾರದೇನೋ ಎಂಬ ಅಳುಕು ಅದು. ಕನ್ನಡವನ್ನು ಬಿಡಿಸಿದರೆ ಹೊರೆ ಇಳಿದೀತೆಂದು ಹಿರಿಯರು ಎಣಿಸುತ್ತಾರೆ. ಪೈಗಳ ಬಾಳು ಈ ಎಣಿಕೆಗೆ ತಕ್ಕ ಉತ್ತರವೆಂದು ನನ್ನ ನಂಬಿಕೆ.

ಗೋವಿಂದ ಪೈಗಳು ಜನಿಸಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದಲ್ಲಿ. ಅವರ ಮನೆಮಾತು ಕೊಂಕಣಿ. ನೆರೆಹೊರೆಯ ಮಾತು ತುಳು, ದಕ್ಷಿಣಕ್ಕೆ ಸರಿದಂತೆ ಮಲಯಾಳ. ಕನ್ನಡವು ಅವರಿಗೆ ವಿದ್ಯೆಯ ಭಾಷೆಯಾಗಿ ಒದಗಿತು. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿದ್ದರು. ಮುಂದೆ ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ಮನೆಯ ಕಾರಣದಿಂದ ಪದವಿ ಪೂರೈಸದೆ ಹಿಂದಿರುಗಬೇಕಾಯಿತು. ಆದರೂ ಇಂಗ್ಲಿಷ್ ವಿಷಯದಲ್ಲಿ ಅವರಿಗೆ ಚಿನ್ನದ ಪದಕ ದೊರೆಯಿತು. ಪದವಿ ಇಲ್ಲದ ಆ ಮಹನೀಯರು ತಮ್ಮ ಮನೆಯನ್ನೇ ವಿದ್ಯಾಪೀಠವಾಗಿಸಿಕೊಂಡು ಸುಮಾರು ಇಪ್ಪತ್ತೈದು ಭಾಷೆಗಳನ್ನು ಬಲ್ಲವರಾದರೆಂದು ಪ್ರಸಿದ್ಧಿ.

ಆ ಭಾಷೆಗಳೆಲ್ಲ ಅವರ ಕನ್ನಡವನ್ನು ಕುಗ್ಗಿಸಲಿಲ್ಲ, ಹಿಗ್ಗಿಸಿದವು. ಅನ್ಯ ಭಾಷೆಗಳ ಕಾವ್ಯವನ್ನು ಬಲ್ಲವರಾದುದರಿಂದಲೇ ಕನ್ನಡ ಪದ್ಯಕ್ಕೆ ಆದಿಪ್ರಾಸವು ಅನಿವಾರ್ಯವಲ್ಲವೆಂಬುದು ಅವರಿಗೆ ಹೊಳೆದಿರಬೇಕು. 1911ರಲ್ಲಿ ಅವರು ಆ ಪ್ರಾಸವನ್ನು ತೊರೆದು ಹೊಸಗನ್ನಡ ಕವಿತೆಗೆ ದಾರಿ ತೆರೆದರು. ‘ಗಿಳಿವಿಂಡು’ ಸಂಕಲನದ ತರುವಾಯ ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಚಿತ್ರಿಸಿದರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವರ ಮಂಜೇಶ್ವರವು ಕಾಸರಗೋಡಿನೊಂದಿಗೆ ಕೇರಳಕ್ಕೆ ಸೇರಿತು. ಅದೇ ದಿನ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಅವರ ನಾಡೂ ನಮ್ಮ ನಾಡೂ ಒಂದೇ ದಿನ ಗಡಿನಾಡಾದವು. ಪೈಗಳು ಮಂಜೇಶ್ವರವನ್ನು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು.

ಎಲ್ಲ ಮಕ್ಕಳೂ ಗೋವಿಂದ ಪೈಗಳಾಗಲಾರರು, ನಿಜ. ಆದರೆ ಎರಡು ಭಾಷೆಗಳ ನಡುವೆ ಬೆಳೆಯುವ ಸಾಮರ್ಥ್ಯವು ಮಹಾಪುರುಷರ ಸ್ವತ್ತಲ್ಲ. ನಮ್ಮ ಮಗು ಒಂದೇ ವಾಕ್ಯದಲ್ಲಿ ಕನ್ನಡ ತೆಲುಗುಗಳನ್ನು ಬೆರೆಸಿದರೆ ಅದು ಬುದ್ಧಿಯ ಗೊಂದಲವಲ್ಲ, ಕಲಿಕೆಯ ಒಂದು ಹಂತ. ಅಜ್ಜಿಯೊಡನೆ ಯಾವ ಮಾತು, ಅಂಗಡಿಯವನೊಡನೆ ಯಾವ ಮಾತು ಎಂಬುದನ್ನು ಆ ಮಗು ಬಹುಬೇಗ ಅರಿಯುತ್ತದೆ. ಒಂದು ಭಾಷೆಯಲ್ಲಿ ಓದು ಗಟ್ಟಿಯಾದವನಿಗೆ ಇನ್ನೊಂದರ ಓದು ಸುಲಭವೆಂಬುದು ಶಿಕ್ಷಣತಜ್ಞರೂ ಒಪ್ಪುವ ಮಾತು. ಕನ್ನಡ ತೆಲುಗು ಲಿಪಿಗಳಂತೂ ಒಂದೇ ಮೂಲದಿಂದ ಕವಲೊಡೆದವು.

ಇನ್ನೊಂದು ಲಾಭವನ್ನೂ ಇಲ್ಲಿ ಹೇಳಬೇಕು. ನಮ್ಮ ಹಾಲು ತೆಲುಗಿನಲ್ಲಿ ಪಾಲು, ನಮ್ಮ ಹುಲಿ ಅಲ್ಲಿ ಪುಲಿ. ಹಳಗನ್ನಡದಲ್ಲಿಯೂ ಅವು ಪಾಲ್, ಪುಲಿ ಎಂದೇ ಇದ್ದವು. ಬೆಂಗಳೂರಿನ ಅನೇಕ ವಿದ್ಯಾರ್ಥಿಗಳು ವ್ಯಾಕರಣ ಪುಸ್ತಕದಿಂದ ಕಲಿಯುವ ಪಕಾರ ಹಕಾರಗಳ ಈ ಸಂಬಂಧವನ್ನು ಗಡಿನಾಡಿನ ಮಗು ಓಣಿಯಲ್ಲಿಯೇ ಕೇಳಿ ಬೆಳೆದಿರುತ್ತದೆ. ಗೋವಿಂದ ಪೈಗಳನ್ನು ದೊಡ್ಡ ಸಂಶೋಧಕರನ್ನಾಗಿಸಿದುದೂ ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಇಂಥ ಅಭ್ಯಾಸವೇ.

ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ತೆಲುಗನ್ನು ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಅದಕ್ಕಾಗಿ ಮನೆಯ ಕನ್ನಡವನ್ನು ತೆರಬೇಕಾಗಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಒಂದು ಕಥೆ ಹೇಳಿರಿ, ನಮ್ಮ ಶಾಲೆಯ ಒಂದನೆಯ ತರಗತಿಗೆ ಮಗುವನ್ನು ಕೈಹಿಡಿದು ಕರೆತನ್ನಿರಿ. ಈ ಶಾಲೆ ಮುಂದಿನ ಐವತ್ತು ವರ್ಷ ಬಾಳುವುದು ಆ ಮಕ್ಕಳಿಂದಲೇ.