ಹಾನ್ಸ್ ಬರ್ಗರ್: ಮಿದುಳಿನ ಅಲೆಯೂ ಮನಸ್ಸಿನ ಬಾಗಿಲೂ

ತಲೆಯ ಮೇಲೆ ಲೋಹದ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ಮೂಡಿಸುವ ಇಇಜಿ ಪರೀಕ್ಷೆ ಇಂದು ಅಪರೂಪದ್ದೇನಲ್ಲ. ಮೂರ್ಛೆರೋಗವನ್ನು ಗುರುತಿಸಲು ವೈದ್ಯರು ಅದನ್ನು ಆಶ್ರಯಿಸುತ್ತಾರೆ. ಅವಧಾನ, ನಿದ್ರೆ, ನೆನಪು ಇವುಗಳ ಸ್ವರೂಪವನ್ನು ಅರಿಯಲು ವಿಜ್ಞಾನಿಗಳು ಬಳಸುತ್ತಾರೆ. ಆರೋಪಿಯ ಮನಸ್ಸಿನಲ್ಲಿ ಅಪರಾಧದ ನೆನಪು ಅಡಗಿದೆಯೇ ಎಂದು ತಿಳಿಯಲು ಪೊಲೀಸರೂ ಅದರ ನೆರವು ಬಯಸಿದ್ದುಂಟು. ಮನುಷ್ಯನ ಮಿದುಳಿನ ಈ ಅಲೆಗಳನ್ನು ಮೊತ್ತಮೊದಲು ದಾಖಲಿಸಿದವರು ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್. ಅವರ ಬದುಕಿನಲ್ಲಿ ಮೆಚ್ಚಬೇಕಾದ ತಾಳ್ಮೆಯೂ ಇದೆ, ಮರೆಯಬಾರದ ಕಳಂಕವೂ ಇದೆ.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಕೋಬುರ್ಗ್ ಪಟ್ಟಣದ ಬಳಿಯ ನೋಯ್ಸೆಸ್ ಎಂಬ ಹಳ್ಳಿಯಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಫ್ರೀಡ್ರಿಖ್ ರ್‍ಯೂಕರ್ಟ್ ಜರ್ಮನ್ ಸಾಹಿತ್ಯದಲ್ಲಿ ಹೆಸರಾದ ಕವಿ. ಅರಬ್ಬೀ, ಪಾರಸಿ, ಸಂಸ್ಕೃತಗಳನ್ನು ಬಲ್ಲ ಅವರು ನಳದಮಯಂತಿಯರ ಕಥೆಯನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದಿದ್ದರು. ಕನಕದಾಸರ ನಳಚರಿತ್ರೆಯನ್ನು ಓದಿದ ಕನ್ನಡ ವಿದ್ಯಾರ್ಥಿಗಳಿಗೆ ಈ ಮನೆತನ ತೀರ ಅಪರಿಚಿತವೆನಿಸಲಾರದು. ಆದರೆ ಮೊಮ್ಮಗನ ಒಲವು ಕಾವ್ಯದ ಕಡೆಗಿರಲಿಲ್ಲ. ಗಣಿತ ಮತ್ತು ಖಗೋಳವಿಜ್ಞಾನಗಳನ್ನು ಕಲಿಯಬೇಕೆಂದು ಅವರು ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ಮನಸ್ಸು ನಿಲ್ಲದೆ, ಒಂದು ವರ್ಷದ ಸೈನಿಕ ಸೇವೆಗೆ ಹೊರಟರು.

ತರಬೇತಿಯ ಕಾಲದಲ್ಲಿ ನಡೆದ ಒಂದು ಅವಘಡ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಒಂದು ದಿನ ಅವರ ಕುದುರೆ ಬೆದರಿ, ಸವಾರನನ್ನು ಎಸೆಯಿತು. ಬರ್ಗರ್ ಬಿದ್ದದ್ದು ಫಿರಂಗಿಯನ್ನು ಎಳೆದು ತರುತ್ತಿದ್ದ ಬಂಡಿಯ ಮುಂದೆ. ಗಾಲಿಗಳು ಕೂದಲೆಳೆಯ ಅಂತರದಲ್ಲಿ ನಿಂತುದರಿಂದ ಜೀವ ಉಳಿಯಿತು. ಅದೇ ದಿನ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂತು. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮ ಅಪಾಯದಲ್ಲಿದ್ದಾನೆಂದು ಇದ್ದಕ್ಕಿದ್ದಂತೆ ತೋರಿ, ಆಕೆಯ ಒತ್ತಾಯದ ಮೇರೆಗೆ ತಂದೆ ತಂತಿ ಕಳುಹಿಸಿದ್ದರು. ಅದು ಕಾಕತಾಳೀಯವೆಂದು ಬರ್ಗರ್ ಒಪ್ಪಲಿಲ್ಲ. ಪ್ರಾಣಭಯದ ಆ ಕ್ಷಣದಲ್ಲಿ ತಮ್ಮ ಮನಸ್ಸಿನ ಶಕ್ತಿಯೇ ಅಕ್ಕನನ್ನು ಮುಟ್ಟಿತೆಂದು ನಂಬಿದರು; 1940ರಲ್ಲಿ ಪ್ರಕಟಿಸಿದ ಬರಹದಲ್ಲಿಯೂ ಆ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ.

ಸೇನೆಯಿಂದ ಮರಳಿದ ಅವರು ವೈದ್ಯಶಾಸ್ತ್ರವನ್ನು ಓದಿ, 1897ರಲ್ಲಿ ಯೇನಾ ನಗರದ ಮನೋವೈದ್ಯ ಚಿಕಿತ್ಸಾಲಯವನ್ನು ಸೇರಿದರು. ಮುಂದಿನ ನಾಲ್ಕು ದಶಕಗಳ ದುಡಿಮೆಯೆಲ್ಲ ಅಲ್ಲಿಯೇ ನಡೆಯಿತು. 1919ರಲ್ಲಿ ಅದರ ನಿರ್ದೇಶಕರಾದರು. ಹಗಲಿನಲ್ಲಿ ಅವರು ಸಮಯಪಾಲನೆಗೆ ಹೆಸರಾದ ಮಿತಭಾಷಿ ಅಧಿಕಾರಿ. ಕೆಲಸದ ಹೊತ್ತು ಮುಗಿದ ಮೇಲೆ ಯಾರಿಗೂ ಹೆಚ್ಚು ಹೇಳದೆ ತಮ್ಮ ಪ್ರಯೋಗಗಳಲ್ಲಿ ಮುಳುಗುವ ಅನ್ವೇಷಕ. ಮನೋವ್ಯಾಪಾರಕ್ಕೆ ವ್ಯಯವಾಗುವ ಶಕ್ತಿಯನ್ನು ಅಳೆಯಬೇಕೆಂಬುದು ಅವರ ಹಂಬಲವಾಗಿತ್ತು. ಮೊದಲು ಮಿದುಳಿನ ರಕ್ತಸಂಚಾರವನ್ನು ಪರೀಕ್ಷಿಸಿದರು. ಬಳಿಕ ಮಿದುಳಿನ ಉಷ್ಣತೆಯನ್ನು ಅಳೆದರು. ಎರಡೂ ದಾರಿಗಳು ಗುರಿ ಮುಟ್ಟಿಸಲಿಲ್ಲ.

ಒಂದನೆಯ ಮಹಾಯುದ್ಧದ ನಂತರ ಅವರು ವಿದ್ಯುತ್ತಿನತ್ತ ತಿರುಗಿದರು. ತಲೆಬುರುಡೆಯ ಒಂದು ಭಾಗವನ್ನು ಕಳೆದುಕೊಂಡ ರೋಗಿಗಳಲ್ಲಿ, ಬರಿಯ ಚರ್ಮ ಮುಚ್ಚಿದ ಆ ಜಾಗದ ಮೂಲಕ ಮಿದುಳಿಗೆ ದುರ್ಬಲವಾದ ವಿದ್ಯುತ್ತನ್ನು ಹಾಯಿಸಿ ಪರಿಣಾಮವನ್ನು ಗಮನಿಸಿದರು. ಇದರ ಬೆನ್ನಿಗೇ, ವಿದ್ಯುತ್ತನ್ನು ಒಳಗೆ ಕಳುಹಿಸುವ ಬದಲು ಒಳಗಿನಿಂದ ಬರುವುದನ್ನು ಆಲಿಸುವ ಪ್ರಯತ್ನ ಆರಂಭವಾಯಿತು. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಪ್ರವಾಹವಿರುವುದನ್ನು ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲಿಯೇ ತೋರಿಸಿದ್ದರು. ಮನುಷ್ಯನಲ್ಲಿ ಅದನ್ನು ಕಂಡವರಿರಲಿಲ್ಲ. 1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಗೆ ಒಳಗಾದ 17 ವರ್ಷದ ಹುಡುಗನೊಬ್ಬನಲ್ಲಿ ಗ್ಯಾಲ್ವನೋಮೀಟರಿನ ತಂತಿ ಸಣ್ಣಗೆ ತುಯ್ದಾಡುವುದನ್ನು ಬರ್ಗರ್ ಕಂಡರು.

ಕಂಡದ್ದನ್ನು ಕೂಡಲೇ ಸಾರುವ ಸ್ವಭಾವ ಅವರದಾಗಿರಲಿಲ್ಲ. ಈ ಅಲೆಗಳ ಪ್ರಮಾಣ ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುವಷ್ಟು ಅಲ್ಪ. ಹೃದಯದ ಬಡಿತ, ನೆತ್ತರ ಹರಿವು, ಕಣ್ಣಿನ ಅಲುಗಾಟ, ಯಾವುದರಿಂದಲಾದರೂ ಅಂಥ ತುಯ್ದಾಟ ಹುಟ್ಟಬಹುದಾಗಿತ್ತು. ಒಂದೊಂದು ಸಂದೇಹವನ್ನೂ ಪರೀಕ್ಷಿಸಿ ಬದಿಗಿಡುತ್ತ ಐದು ವರ್ಷ ಕಳೆದರು. ಮಗ ಕ್ಲಾಸ್‌ನನ್ನೇ ಹಲವು ಬಾರಿ ಪ್ರಯೋಗಕ್ಕೆ ಕೂರಿಸಿದರು. ಕೊನೆಗೆ 1929ರಲ್ಲಿ ಮೊದಲ ಲೇಖನ ಪ್ರಕಟವಾಯಿತು. ಮಿದುಳಿನ ವಿದ್ಯುತ್ ಬರಹ ಎಂಬರ್ಥದ, ಇಂದು ಇಇಜಿ ಎಂದು ಸಂಕ್ಷಿಪ್ತಗೊಂಡಿರುವ ಹೆಸರನ್ನು ಕೊಟ್ಟವರೂ ಅವರೇ.

ಕಣ್ಣು ಮುಚ್ಚಿ ವಿಶ್ರಮಿಸುವವನ ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ ಅಲೆಯನ್ನು ಬರ್ಗರ್ ಆಲ್ಫಾ ಎಂದು ಕರೆದರು; ಅದಕ್ಕಿಂತ ವೇಗವಾದ ಕಿರಿಯ ಅಲೆಯನ್ನು ಬೀಟಾ ಎಂದರು. ಆ ವ್ಯಕ್ತಿ ಕಣ್ಣು ತೆರೆದರೆ, ಇಲ್ಲವೇ ಮನಸ್ಸಿನಲ್ಲಿಯೇ ಲೆಕ್ಕವೊಂದನ್ನು ಬಿಡಿಸತೊಡಗಿದರೆ ಆಲ್ಫಾ ಕುಗ್ಗುತ್ತಿತ್ತು. ಅವಧಾನವೆಂಬ ಅಮೂರ್ತ ವ್ಯಾಪಾರಕ್ಕೆ ಕಾಗದದ ಮೇಲೆ ಗುರುತು ದೊರೆತಂತಾಯಿತು. ಆದರೂ ಹಲವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯನ್ ಮ್ಯಾಥ್ಯೂಸ್ ಅದೇ ಅಲೆಗಳನ್ನು ಪಡೆದು ತೋರಿಸಿದಾಗ ಲೋಕ ಒಪ್ಪಿತು. ಆಗಲೇ ನೊಬೆಲ್ ಪುರಸ್ಕೃತರಾಗಿದ್ದ ಏಡ್ರಿಯನ್ ಆ ಅಲೆಗೆ ಬರ್ಗರ್ ಹೆಸರನ್ನೇ ಇಟ್ಟರು.

ಕೀರ್ತಿ ಬಂದ ಆ ವರ್ಷವೇ ಜರ್ಮನಿಯಲ್ಲಿ ಒಂದು ಕ್ರೂರ ಕಾನೂನು ಜಾರಿಗೆ ಬಂದಿತ್ತು. ಆನುವಂಶಿಕ ರೋಗಿಗಳೆಂದು ಹಣೆಪಟ್ಟಿ ಹಚ್ಚಿದವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡುವುದು ಅದರ ಉದ್ದೇಶ. ಸುಮಾರು ನಾಲ್ಕು ಲಕ್ಷ ಜನ ಅದಕ್ಕೆ ಬಲಿಯಾದರು. ಅಂಥ ಪ್ರಕರಣಗಳ ಮೇಲ್ಮನವಿಗಳನ್ನು ತೀರ್ಮಾನಿಸುತ್ತಿದ್ದ ಯೇನಾದ ನ್ಯಾಯಪೀಠದಲ್ಲಿ ಬರ್ಗರ್ ಸದಸ್ಯರಾಗಿ ಕುಳಿತರು. ಆ ಕಾನೂನಿನ ಪಟ್ಟಿಯಲ್ಲಿ ಮೂರ್ಛೆರೋಗವೂ ಇತ್ತು. ಯಾವ ರೋಗಿಗಳಿಗೆ ಅವರ ಶೋಧದಿಂದ ಅತ್ಯಂತ ಹೆಚ್ಚು ಉಪಕಾರವಾಯಿತೋ, ಅದೇ ರೋಗಿಗಳ ಒಡಲಿನ ಹಕ್ಕನ್ನು ಕಸಿಯುವ ವ್ಯವಸ್ಥೆಯಲ್ಲಿ ಅವರೂ ಒಂದು ಅಂಗವಾದರು. ನಾತ್ಸಿಗಳು ಅವರನ್ನು ಹಿಂಸಿಸಿ ಹುದ್ದೆಯಿಂದ ಇಳಿಸಿದರೆಂಬ ಕಥೆ ಬಹುಕಾಲ ಪ್ರಚಲಿತವಾಗಿತ್ತು. ದಾಖಲೆಗಳನ್ನು ತೆರೆದು ನೋಡಿದ ಇತ್ತೀಚಿನ ಇತಿಹಾಸಕಾರರು ಅದನ್ನು ತಿದ್ದಿದ್ದಾರೆ. 1938ರಲ್ಲಿ ನಿವೃತ್ತರಾದ ಬರ್ಗರ್ ಕಾಯಿಲೆ, ಖಿನ್ನತೆಗಳಿಂದ ಬಳಲಿ, 1941ರ ಜೂನ್ 1ರಂದು ಯೇನಾದಲ್ಲಿ ತಾವೇ ಪ್ರಾಣ ಕಳೆದುಕೊಂಡರು.

ಅಲೆಗಳ ಅಧ್ಯಯನ ಅವರೊಂದಿಗೆ ಮುಗಿಯಲಿಲ್ಲ. ಪರಿಚಿತವಾದ ಅಥವಾ ಮಹತ್ತ್ವದ ವಸ್ತುವೊಂದು ಎದುರಾದಾಗ, ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ, ಮಿದುಳಿನಲ್ಲಿ ವಿಶಿಷ್ಟವಾದ ಅಲೆಯೊಂದು ಏಳುತ್ತದೆ. ಪಿ300 ಎಂಬ ಈ ಅಲೆ 1965ರಲ್ಲಿ ಪ್ರಕಟವಾಯಿತು. ಬಚ್ಚಿಟ್ಟ ನೆನಪನ್ನು ಇದರ ಮೂಲಕ ಪತ್ತೆ ಮಾಡಬಹುದೆಂದು 1980ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕರು ತೋರಿಸಲು ಯತ್ನಿಸಿದರು. ಆದರೆ ಅಲೆ ಹೇಳುವುದು ಮಿದುಳು ಯಾವುದೋ ಒಂದನ್ನು ಗುರುತಿಸಿತೆಂದು ಮಾತ್ರ. ಆ ಪರಿಚಯ ಅಪರಾಧದಿಂದ ಬಂದುದೋ, ಪತ್ರಿಕೆ ಓದಿ ಬಂದುದೋ ಎಂಬುದನ್ನು ಅದು ಹೇಳಲಾರದು. ಯುಕ್ತಿಯಿಂದ ಪರೀಕ್ಷೆಯನ್ನು ವಂಚಿಸಲೂ ಸಾಧ್ಯವೆಂದು ಮುಂದೆ ತಿಳಿಯಿತು.

ಈ ಚರ್ಚೆಗೆ ಭಾರತದಲ್ಲಿ ಉತ್ತರ ದೊರೆತದ್ದು ಕರ್ನಾಟಕದ ಹೆಸರು ಹೊತ್ತ ಮೊಕದ್ದಮೆಯಲ್ಲಿ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪಿತ್ತು, ಮಿದುಳಿನ ಅಲೆಗಳ ಪರೀಕ್ಷೆ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಇವುಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ಸಾರಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಮಾತಿಗಷ್ಟೇ ಅಲ್ಲ, ಮನಸ್ಸಿಗೂ ಸಲ್ಲುತ್ತದೆಂಬುದು ಅದರ ಸಾರ.

ಮನಸ್ಸಿನಿಂದ ಮನಸ್ಸಿಗೆ ಸಾಗುವ ಶಕ್ತಿಯನ್ನು ಅರಸಿ ಹೊರಟ ಬರ್ಗರ್‌ಗೆ ಅದು ಸಿಗಲಿಲ್ಲ. ಸಿಕ್ಕಿದ್ದು ಒಂದು ಅಲೆ. ಆ ಅಲೆಯಿಂದ ಲಕ್ಷಾಂತರ ರೋಗಿಗಳಿಗೆ ಹಿತವಾಗಿದೆ. ಆದರೆ ಮಿದುಳನ್ನು ಅರಿಯುವ ವಿದ್ಯೆ, ಆ ಮಿದುಳು ಹೊತ್ತ ಮನುಷ್ಯನ ಒಪ್ಪಿಗೆಯನ್ನು ಕೇಳುವ ವಿವೇಕವನ್ನು ತಾನಾಗಿ ಕಲಿಸುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕೆಂಬುದಕ್ಕೆ ಅಲೆಯನ್ನು ಕಂಡವರ ಬದುಕೇ ಸಾಕ್ಷಿ.