ಮೂರು ಗ್ಲೈಡರ್, ಒಬ್ಬನೇ ಚಾಂಪಿಯನ್

ಎಂಜಿನ್ನೇ ಇಲ್ಲದ ವಿಮಾನದಲ್ಲಿ ರೇಸ್ ಮಾಡೋಕಾಗುತ್ತಾ? ಆಗುತ್ತೆ. ಜರ್ಮನಿಯ ಹೆಲ್ಮುಟ್ ರೈಖ್‌ಮನ್ ಅದರಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದವರು.

1941ರಲ್ಲಿ ಹುಟ್ಟಿದ ರೈಖ್‌ಮನ್ ಮೊದಲು ಗೆದ್ದಿದ್ದು 1970ರಲ್ಲಿ, ಅಮೆರಿಕದ ಮಾರ್ಫಾದಲ್ಲಿ, ಎಲ್‌ಎಸ್1 ಗ್ಲೈಡರ್ ಹಾರಿಸಿ. 1974ರಲ್ಲಿ ಆಸ್ಟ್ರೇಲಿಯಾದ ವೈಕೆರಿಯಲ್ಲಿ ಎಲ್‌ಎಸ್2 ಹಾರಿಸಿ ಮತ್ತೆ ಗೆದ್ದರು. ಎರಡೂ ಸ್ಟ್ಯಾಂಡರ್ಡ್ ಕ್ಲಾಸ್. ಎರಡರ ರೆಕ್ಕೆಯೂ ತುದಿಯಿಂದ ತುದಿಗೆ 15 ಮೀಟರ್. ಆದರೆ ಎಲ್‌ಎಸ್2ಗೆ ಫ್ಲ್ಯಾಪ್ ಇತ್ತು. ಫ್ಲ್ಯಾಪ್ ಇರೋದನ್ನೂ ಇಲ್ಲದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ನ್ಯಾಯಾನಾ? ಆ ಜಗಳ ಮುಗಿದಿದ್ದು ಫ್ಲ್ಯಾಪ್ ಇರೋ ಗ್ಲೈಡರ್‌ಗಳಿಗೆ 15 ಮೀಟರ್ ಕ್ಲಾಸ್ ಅಂತ ಬೇರೆ ಮಾಡಿದ ಮೇಲೆ.

1978ರಲ್ಲಿ ಫ್ರಾನ್ಸ್‌ನ ಶಾಟೊರೂದಲ್ಲಿ ಆ ಹೊಸ ಕ್ಲಾಸನ್ನೂ ರೈಖ್‌ಮನ್ ಗೆದ್ದರು. ಆಗ ಹಾರಿಸಿದ ಎಸ್‌ಬಿ-11 ಯಾವ ಕಂಪನಿಯದ್ದೂ ಅಲ್ಲ. ಬ್ರೌನ್‌ಶ್ವೈಗ್‌ನ ಎಂಜಿನಿಯರಿಂಗ್ ಸ್ಟೂಡೆಂಟ್ಸೇ ಕಾರ್ಬನ್ ಫೈಬರ್ ಬಳಸಿ ಕಟ್ಟಿದ್ದು, ಅದೂ ಒಂದೇ ಒಂದು! ಫ್ಲ್ಯಾಪ್ ಹಿಂದಕ್ಕೆ ಚಾಚಿದರೆ ರೆಕ್ಕೆಯ ವಿಸ್ತೀರ್ಣ ಸುಮಾರು 25% ಹೆಚ್ಚುತ್ತಿತ್ತು. ಬಿಸಿಗಾಳಿಯಲ್ಲಿ ನಿಧಾನವಾಗಿ ಸುತ್ತುತ್ತಾ ಮೇಲೇರೋಕೆ ದೊಡ್ಡ ರೆಕ್ಕೆ, ಆಮೇಲೆ ಜೋರಾಗಿ ಮುಂದೆ ನುಗ್ಗೋಕೆ ಚಿಕ್ಕ ರೆಕ್ಕೆ.

ಗ್ಲೈಡರ್‌ನಲ್ಲಿ ದೂರ ಹಾರೋದು ಹೇಗೆ ಅಂತ ರೈಖ್‌ಮನ್ ಬರೆದ ಪುಸ್ತಕ ಪೈಲಟ್‌ಗಳಿಗೆ ಪಠ್ಯದ ಹಾಗಾಯಿತು. 1992ರಲ್ಲಿ ಫ್ರಾನ್ಸ್‌ನ ಆಲ್ಪ್ಸ್ ಮೇಲೆ ಇನ್ನೊಂದು ಗ್ಲೈಡರ್‌ಗೆ ಡಿಕ್ಕಿಯಾಗಿ ಅವರು ತೀರಿಕೊಂಡರು.

ಹಳೇ ಗ್ಲೈಡರ್‌ಗಳಲ್ಲಿ ಯಾವುದು ಬೆಸ್ಟ್ ಅಂತ ಕೇಳೋ ಮೊದಲು ಅದು ಯಾವ ರೂಲ್ಸ್ ಒಳಗೆ ಹುಟ್ಟಿತು ಅಂತ ನೋಡಬೇಕು. ಆಮೇಲೆ ಒಳಗೆ ಕೂತಿದ್ದು ಯಾರು ಅಂತಾನೂ ನೋಡಬೇಕು. ಈ ಮೂರರಲ್ಲೂ ಬದಲಾಗದೇ ಇದ್ದಿದ್ದು ಅದೊಂದೇ.